ಸಹಾರಾ ಸಾಸಿವೆ ಸಮೀಕ್ಷೆಗೆ ಐನ್ಯಾಚುರಲಿಸ್ಟ್ ಆ್ಯಪ್ ಸಾಕೇ?

ಕ್ಯಾಲಿಫೋರ್ನಿಯಾ, ಅರಿಜೋನಾ ಮರುಭೂಮಿಗಳ ಹೆದ್ದಾರಿ ಅಂಚಿನಲ್ಲಿ ಹಬ್ಬುತ್ತಿರುವ ಹೊರನಾಡಿನ ಕಳೆ ಸಹಾರಾ ಸಾಸಿವೆಯ ಗಿಡಗಳನ್ನು ದಾಖಲಿಸಲು, ಫೋಟೊ ನೋಡಿ ಗಿಡ, ಪ್ರಾಣಿಗಳನ್ನು ಗುರುತಿಸುವ ಈ ಉಚಿತ ಆ್ಯಪ್ ಒಳ್ಳೆಯ ಆರಂಭ. ಸಿಗ್ನಲ್ ಇಲ್ಲದ ಕಡೆಯೂ ಫೋಟೊ, ಜಿಪಿಎಸ್ ಫೋನಿನಲ್ಲೇ ಉಳಿದು ಆಮೇಲೆ ಅಪ್‌ಲೋಡ್ ಆಗುತ್ತವೆ.

ಗಿಡದ ಗುರುತನ್ನು ಮಾತ್ರ ಆ್ಯಪ್‌ಗೇ ಬಿಡಬೇಡಿ. ಬರೀ ಹೂವಿನ ಫೋಟೊ ಕೊಟ್ಟರೆ ಅದು ಎಡವುತ್ತದೆ, ಏಕೆಂದರೆ ಅಲ್ಲೇ ಬೆಳೆಯುವ ಲಂಡನ್ ರಾಕೆಟ್ ಎಂಬ ಕಳೆಗಿಡಕ್ಕೂ ಹಳದಿ ಹೂವೇ. ನೆಲಕ್ಕೆ ಹರಡಿದ ಒರಟು ಬುಡದೆಲೆ, ತಿಳಿಹಳದಿ ಹೂವು, ಕಾಯಿ ಮೂರನ್ನೂ ಹತ್ತಿರದಿಂದ ತೆಗೆಯಿರಿ. ಸಹಾರಾ ಸಾಸಿವೆಯ ಕಾಯಿ ತುದಿಯಲ್ಲಿ ಸುಮಾರು 1 ಸೆಂ.ಮೀ. ಉದ್ದದ ಕೊಕ್ಕು ಎದ್ದು ಕಾಣುತ್ತದೆ. ಲಂಡನ್ ರಾಕೆಟ್‌ಗೆ ಅದಿಲ್ಲ. ಜಿಪಿಎಸ್ ತೋರಿಸುವ ಜಾಗದ ವ್ಯತ್ಯಾಸ 10 ಮೀಟರ್‌ಗಿಂತ ಕೆಳಗಿಳಿಯುವವರೆಗೆ ಕಾಯಿರಿ, ಇಲ್ಲದಿದ್ದರೆ ನಕ್ಷೆಯಲ್ಲಿ ಗುರುತು ರಸ್ತೆಯ ಆಚೆ ಬದಿಗೆ ಬೀಳಬಹುದು.

ದೊಡ್ಡ ಕೊರತೆ ಎಂದರೆ, 'ಇಲ್ಲಿ ಗಿಡ ಇಲ್ಲ' ಎಂದು ದಾಖಲಿಸಲು ದಾರಿಯಿಲ್ಲ. ಖಾಲಿ ಜಾಗ ತಿಳಿಯದೆ ಹರಡುವಿಕೆಯ ವೇಗ ಹೇಳಲಾಗದು. ಹಾಗಾಗಿ ಪ್ರತಿ ಮೈಲಿಗೆ ಎರಡೂ ಬದಿ ನೋಡಿ, ಸೊನ್ನೆಯನ್ನೂ ಬೇರೆ ಹಾಳೆಯಲ್ಲಿ ಬರೆಯಲೇಬೇಕು. ಹಬ್ಬಿದ ವಿಸ್ತೀರ್ಣ ನಮೂದಿಸಲು, ಹೊರನಾಡಿನ ಕಳೆಗಳ ಹರಡುವಿಕೆ ದಾಖಲಿಸುವ ಎಡ್‌ಮ್ಯಾಪ್ಸ್ (EDDMapS) ಮೇಲು.

ಮಳೆ ಬಂದ ದಿನ ಸಮೀಕ್ಷೆ ಬೇಡ. ಒದ್ದೆಯಾದ ಬೀಜ ಅಂಟಂಟಾಗಿ ಟೈರು, ಬೂಟಿಗೆ ಹತ್ತಿ ಮುಂದಿನ ಊರಿಗೆ ಹೋಗುತ್ತದೆ.