ಎಫ್11 ಒತ್ತುವ ಮುಂಚೆ ಸ್ವಲ್ಪ ನಿಲ್ಲಿ

ಅರಸೀಕೆರೆಯಲ್ಲಿ ನನ್ನದೊಂದು ಚಿಕ್ಕ ಟೈಪಿಂಗ್ ಅಂಗಡಿ. ಅರ್ಜಿ, ಬಾಡಿಗೆ ಕರಾರು, ಪಾಲುಪಟ್ಟಿ, ಲಗ್ನಪತ್ರಿಕೆ, ಏನೇ ಇರಲಿ ಎಲ್ಲ ಒಂದೇ ಡೆಸ್ಕ್‌ಟಾಪಿನಲ್ಲಿ. 2018ರಲ್ಲಿ ತೆಗೆದುಕೊಂಡದ್ದು. ಅಷ್ಟೂ ವರ್ಷದ ಫೈಲುಗಳು ಅದರಲ್ಲೇ ಇದ್ದವು. ಬೇರೆ ಕಡೆ ಕಾಪಿ? ಇಲ್ಲ. ಬೈಯುವವರು ಈಗಲೇ ಬೈದುಬಿಡಿ.

ಆಷಾಢದ ಒಂದು ಸೋಮವಾರ, ಅಪ್‌ಡೇಟ್ ನಡೆಯುತ್ತಿರುವಾಗಲೇ ಕರೆಂಟ್ ಹೋಯಿತು. ಯುಪಿಎಸ್ ಇತ್ತು. ಅದರ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು, ಸುಮ್ನೆ ಪ್ಲಗ್ ಬೋರ್ಡ್ ಥರ ಬಳಸುತ್ತಿದ್ದೆ. ಕರೆಂಟ್ ಬಂದ ಮೇಲೆ ಆನ್ ಮಾಡಿದರೆ ಬಿಳಿ ಚುಕ್ಕಿಗಳು ಸುತ್ತುತ್ತವೆ, ಪರದೆ ಕಪ್ಪಾಗುತ್ತದೆ, ಮತ್ತೆ ಮೊದಲಿಂದ. ಎದುರಿಗೆ ಪಹಣಿ ಹಿಡಿದು ನಿಂತ ಐದು ಜನ.

ಗಾಬರಿಯಲ್ಲಿ ಪರಿಚಯದ ರಿಪೇರಿ ಹುಡುಗನನ್ನು ಕರೆಸಿದೆ. ಬಂದವನು ಒಂದು ಸಲ ನೋಡಿದ. "ಅಕ್ಕಾ, ಇದು ರಿಕವರಿ ಇರೋ ಸಿಸ್ಟಮ್ಮು. ಎಫ್11 ಒತ್ತಿದ್ರೆ ಆಯ್ತು, ಮೊದಲಿನ ಥರ ಆಗುತ್ತೆ" ಅಂದ. "ಫೈಲೆಲ್ಲ ಇರ್ತಾವಲ್ಲಪ್ಪಾ?" ಅಂತ ಕೇಳಿದೆ. "ಡಿ ಡ್ರೈವಲ್ಲಿದ್ರೆ ಏನೂ ಆಗಲ್ಲ ಬಿಡಿ."

ನಾನು ಎಡವಿದ್ದು "ಮೊದಲಿನ ಥರ" ಅನ್ನುವ ಮಾತಿನಲ್ಲಿ. ನನಗೆ ಮೊದಲು ಅಂದರೆ ನಿನ್ನೆ. ಆ ರಿಕವರಿಗೆ ಮೊದಲು ಅಂದರೆ ಕಂಪ್ಯೂಟರ್ ಫ್ಯಾಕ್ಟರಿಯಿಂದ ಹೊರಟ ದಿನ. ಕೆಲವು ಕಂಪ್ಯೂಟರುಗಳಲ್ಲಿ ಅದು ವಿಂಡೋಸ್ ಇರುವ ಭಾಗವನ್ನು, ಅಂದರೆ ಸಿ ಡ್ರೈವನ್ನು ಮಾತ್ರ ಅಳಿಸುತ್ತದೆ, ಇನ್ನು ಕೆಲವದರಲ್ಲಿ ಇಡೀ ಡಿಸ್ಕನ್ನೇ ಹೊಸದಾಗಿ ಭಾಗ ಮಾಡುತ್ತದೆ. ನನ್ನದು ಎರಡನೆಯ ಜಾತಿ. ಎಲ್ಲ ಅಳಿಸಿಹೋಗುತ್ತದೆ ಅಂತ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರೆದೂ ಇತ್ತು. ನಾನು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಅವನು ನೆಕ್ಸ್ಟ್ ಒತ್ತಿಯಾಗಿತ್ತು.

ಇಷ್ಟು ಸಾಲದು ಅಂತ, ಆ ರಿಕವರಿ ಮುಕ್ಕಾಲು ದಾರಿಯಲ್ಲಿ ಎರರ್ ಕೊಟ್ಟು ನಿಂತಿತು. ಅಳಿಸುವ ಕೆಲಸವನ್ನು ಪೂರ್ತಿ ಮಾಡಿತ್ತು, ಕಟ್ಟುವ ಕೆಲಸವನ್ನು ಅರ್ಧಕ್ಕೆ ಬಿಟ್ಟಿತ್ತು. ಹುಡುಗ ತನ್ನ ಪೆನ್‌ಡ್ರೈವ್‌ನಿಂದ ಒಂದು "ಲೈಟ್" ವಿಂಡೋಸ್ ಹಾಕಿದ. ಯಾರೋ ಅಲ್ಲಿ ಇಲ್ಲಿ ಕತ್ತರಿಸಿ ಸಣ್ಣದು ಮಾಡಿದ ಕಳ್ಳ ಕಾಪಿ ಅದು. ಅದರ ಅಗತ್ಯವೇ ಇರಲಿಲ್ಲ. ವಿಂಡೋಸ್ ಸಮೇತ ಕೊಂಡ ಇಂಥ ಕಂಪ್ಯೂಟರುಗಳಲ್ಲಿ ಅಸಲಿ ಲೈಸೆನ್ಸ್ ಕೀ ಮದರ್‌ಬೋರ್ಡಿನೊಳಗೇ ಕೂತಿರುತ್ತದೆ. ಮೈಕ್ರೋಸಾಫ್ಟ್ ಸೈಟಿನಿಂದ ಪುಕ್ಕಟೆ ಇಳಿಸಿಕೊಂಡು, 8 ಜಿಬಿ ಪೆನ್‌ಡ್ರೈವ್‌ಗೆ ಹಾಕಿ ಇನ್‌ಸ್ಟಾಲ್ ಮಾಡಿ ನೆಟ್ ಕೊಟ್ಟರೆ ತಾನೇ ಆಕ್ಟಿವೇಟ್ ಆಗುತ್ತದೆ. ಇದು ನನಗೆ ಗೊತ್ತಾದದ್ದು ವಾರದ ನಂತರ.

"ಡ್ರೈವರ್ ಸಂಜೆ ಬಂದು ಹಾಕ್ತೀನಿ ಅಕ್ಕಾ" ಅಂತ 800 ರೂಪಾಯಿ ಇಸಿದುಕೊಂಡು ಹೋದ. ಆ ಸಂಜೆ ಇನ್ನೂ ಬಂದಿಲ್ಲ.

ಡ್ರೈವರ್ ಅಂದರೆ ಪ್ರಿಂಟರ್, ಸೌಂಡ್, ಲ್ಯಾನ್ ಇಂಥ ಒಂದೊಂದು ಭಾಗವನ್ನೂ ವಿಂಡೋಸ್ ಬಳಸುವಂತೆ ಮಾಡುವ ಪುಟ್ಟ ತಂತ್ರಾಂಶ. ಅದಿಲ್ಲದ ಕಂಪ್ಯೂಟರ್ ಹೇಗಿರುತ್ತದೆ ಅಂತ ನೋಡದವರಿಗೆ ಹೇಳುತ್ತೇನೆ. ಪರದೆಯ ಮೇಲೆ ಐಕಾನುಗಳು ಅಕ್ಕಿರೊಟ್ಟಿಯಷ್ಟು ದಪ್ಪ. ಸದ್ದಿಲ್ಲ. ಪ್ರಿಂಟರ್ ಇದ್ದೂ ಇಲ್ಲ. ಲ್ಯಾನ್ ವೈರ್ ಸಿಕ್ಕಿಸಿದರೂ ನೆಟ್ ಇಲ್ಲ. ಡಿವೈಸ್ ಮ್ಯಾನೇಜರ್ ತೆಗೆದರೆ ಸಾಲಾಗಿ ಹಳದಿ ತ್ರಿಕೋನಗಳು. ನೆಟ್ ಬರಬೇಕಾದರೆ ಲ್ಯಾನ್ ಡ್ರೈವರ್ ಬೇಕು, ಆ ಡ್ರೈವರ್ ಇಳಿಸಿಕೊಳ್ಳಬೇಕಾದರೆ ನೆಟ್ ಬೇಕು. ಹುಚ್ಚು ಬಿಡುವವರೆಗೂ ಮದುವೆ ಆಗಲ್ಲ, ಮದುವೆ ಆಗುವವರೆಗೂ ಹುಚ್ಚು ಬಿಡಲ್ಲ ಅಂತಾರಲ್ಲ, ಹಾಗೆ.

ಪಕ್ಕದ ಅಂಗಡಿಯವರ ಹತ್ತಿರ ಎಲ್ಲ ಕಂಪ್ಯೂಟರಿಗೂ ಆಗುವ ಡ್ರೈವರ್ ಪ್ಯಾಕ್ ಅಂತ ಒಂದಿತ್ತು. ಹಾಕಿದೆ. ನೆಟ್ ಬಂತು. ಅದರ ಬೆನ್ನಿಗೇ ಒಂದು ಡ್ರೈವರ್ ಅಪ್‌ಡೇಟರ್ ತಾನಾಗಿ ಬಂದು ಕೂತಿತು. ಬೆಳಿಗ್ಗೆ ಹಾಕಿದ ವಿಂಡೋಸಿಗೆ ಮಧ್ಯಾಹ್ನವೇ 43 ಡ್ರೈವರ್ ಹಳೆಯದಾಗಿವೆ ಅಂತ ಕೆಂಪು ಅಕ್ಷರದಲ್ಲಿ ಕೂಗತೊಡಗಿತು. ಆ 43ರಲ್ಲಿ ಬ್ಲೂಟೂತ್ ಡ್ರೈವರ್ ಕೂಡ ಒಂದು. ನನ್ನ ಕಂಪ್ಯೂಟರಿನಲ್ಲಿ ಬ್ಲೂಟೂತೇ ಇಲ್ಲ! ಆಗಲಾದರೂ ಅನುಮಾನ ಬರಬೇಕಿತ್ತು, ಅಲ್ವಾ? ಬರಲಿಲ್ಲ. 1,499 ರೂಪಾಯಿ ಯುಪಿಐನಲ್ಲಿ ಕಟ್ಟಿದೆ. ಅದು ಒಂದಾದ ಮೇಲೊಂದು ಏನೇನೋ ಹಾಕಿತು. ರೀಸ್ಟಾರ್ಟ್ ಆದ ಮೇಲೆ ಕೀಬೋರ್ಡೂ ಇಲ್ಲ, ಮೌಸೂ ಇಲ್ಲ. ಎರಡು ನಿಮಿಷಕ್ಕೆ ನೀಲಿ ಪರದೆ.

ಕಟ್ಟಿದ್ದು ಒಂದೇ ಸಲದ ದುಡ್ಡಲ್ಲ, ವರ್ಷ ವರ್ಷ ತಾನೇ ಕಡಿತವಾಗುವ ಆಟೋಪೇ. ನಿಮ್ಮಲ್ಲಿ ಯಾರಾದರೂ ಹೀಗೆ ಕಟ್ಟಿದ್ದರೆ ಯುಪಿಐ ಆ್ಯಪಿನಲ್ಲಿ ಆಟೋಪೇ ತೆಗೆದು ನೋಡಿ, ಅಲ್ಲೇ ರದ್ದು ಮಾಡಬಹುದು.

ಕೊನೆಗೆ ಬೆಂಗಳೂರಿನಲ್ಲಿರುವ ನಮ್ಮ ಚಿಕ್ಕಮ್ಮನ ಮಗನಿಗೆ ಫೋನ್ ಮಾಡಿದೆ. ಅಸಲಿ ವಿಂಡೋಸ್ ಹಾಕಿಸಿ, ಡ್ರೈವರ್ ವಿಷಯ ಒಂದು ಗಂಟೆಯಲ್ಲಿ ಮುಗಿಸಿದ. ಮೊದಲು ನನ್ನ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ (ಫೋನಿನ ನೆಟ್ಟನ್ನು ಕಂಪ್ಯೂಟರಿಗೆ ಕೊಡುವುದು) ಆನ್ ಮಾಡಿಸಿದ. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸಿನೊಳಗೇ ಇರುತ್ತದೆ, ಹಾಗಾಗಿ ಸಾಮಾನ್ಯವಾಗಿ ನೆಟ್ ಬಂದುಬಿಡುತ್ತದೆ. ನೆಟ್ ಬಂದಮೇಲೆ ವಿಂಡೋಸ್ ಅಪ್‌ಡೇಟ್ ಒಂದು ಸಲ ಓಡಿಸಿದ್ದಕ್ಕೇ ಅರ್ಧಕ್ಕರ್ಧ ಹಳದಿ ತ್ರಿಕೋನ ಮಾಯ. ಉಳಿದದ್ದಕ್ಕೆ ಕ್ಯಾಬಿನೆಟ್ಟಿನ ಸ್ಟಿಕರ್ ಮೇಲಿನ ಸೀರಿಯಲ್ ನಂಬರನ್ನು ಕಂಪ್ಯೂಟರ್ ಕಂಪನಿಯ ಸ್ವಂತ ಸೈಟಿನಲ್ಲಿ ಹಾಕಿಸಿದ. ಚಿಪ್‌ಸೆಟ್ ಮೊದಲು, ಆಮೇಲೆ ಲ್ಯಾನ್, ಡಿಸ್‌ಪ್ಲೇ, ಸೌಂಡ್.

ಒಂದು ತ್ರಿಕೋನ ಮಾತ್ರ ಹೋಗಲಿಲ್ಲ. "ಅಕ್ಕಾ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಡೀಟೇಲ್ಸ್, ಅದರಲ್ಲಿ ಹಾರ್ಡ್‌ವೇರ್ ಐಡಿ ಓದಿ" ಅಂದ. ಉದ್ದನೆಯ ಸಾಲು. ಅದರಲ್ಲಿ 'ವೆನ್' ಅನ್ನುವುದರ ಮುಂದಿನ ನಾಲ್ಕು ಅಕ್ಷರ ತಯಾರಿಸಿದವರ ಗುರುತು. 8086 ಅಂದರೆ ಇಂಟೆಲ್, 10ಇಸಿ ಅಂದರೆ ರಿಯಲ್‌ಟೆಕ್, 10ಡಿಇ ಅಂದರೆ ಎನ್‌ವಿಡಿಯಾ, 1002 ಅಂದರೆ ಎಎಂಡಿ. (8086 ಇಂಟೆಲ್‌ನ 1978ರ ಪ್ರಾಸೆಸರ್ ಹೆಸರು. ಮನೆದೇವರ ಹೆಸರಿಟ್ಟುಕೊಂಡ ಹಾಗೆ!) 'ಡೆವ್' ಮುಂದಿನ ನಾಲ್ಕು ಅಕ್ಷರ ಯಾವ ಭಾಗ ಅಂತ ಹೇಳುತ್ತವೆ. ಹಳದಿ ತ್ರಿಕೋನದ ಹಿಂದೆಯೇ ಉತ್ತರ ಬರೆದಿತ್ತು. ನಾನು 1,499 ಕೊಟ್ಟು ಬೇರೆಯವರನ್ನು ಕೇಳಿದ್ದೆ.

ಡ್ರೈವರ್ ಕಥೆ ಹೇಗೋ ಸರಿಹೋಯಿತು. ಫೈಲುಗಳದು ಸರಿಹೋಗಲಿಲ್ಲ.

ವಿಂಡೋಸ್ ಏಳದಿದ್ದರೂ ಫೈಲುಗಳು ಡಿಸ್ಕಿನಲ್ಲಿ ಹಾಗೇ ಇರುತ್ತವೆ. ಆ ಸೋಮವಾರ ನನ್ನವೂ ಇದ್ದವು. ತೆಗೆಯುವುದು ಎಷ್ಟು ಸುಲಭವಿತ್ತು ಅಂತ ತಮ್ಮ ಮಾಡಿ ತೋರಿಸಿದ. ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಏಳಿಸಿ. ಭಾಷೆ ಕೇಳುವ ಮೊದಲ ಪರದೆಯಲ್ಲೇ ಶಿಫ್ಟ್ ಜೊತೆ ಎಫ್10 ಒತ್ತಿದರೆ ಕಪ್ಪು ಕಿಟಕಿ ಬರುತ್ತದೆ. ಅಲ್ಲಿ ನೋಟ್‌ಪ್ಯಾಡ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ತೆರೆದ ನೋಟ್‌ಪ್ಯಾಡಿನಲ್ಲಿ ಫೈಲ್, ಓಪನ್ ಒತ್ತಿ, ಕೆಳಗೆ ಆಲ್ ಫೈಲ್ಸ್ ಆರಿಸಿದರೆ ಎಲ್ಲ ಡ್ರೈವ್ ಕಾಣುತ್ತವೆ. ಬೇಕಾದ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ, ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಪೇಸ್ಟ್. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ಮಾತ್ರ 48 ಅಂಕಿಯ ರಿಕವರಿ ಕೀ ಬೇಕು. ಇದೇ ದಾರಿಯಲ್ಲಿ ವಿಂಡೋಸ್ ಫೋಲ್ಡರಿನ ಸಿಸ್ಟಮ್32 ಒಳಗಿರುವ ಡ್ರೈವರ್‌ಸ್ಟೋರನ್ನೂ ಎತ್ತಿಟ್ಟುಕೊಳ್ಳಿ. ಹೊಸ ವಿಂಡೋಸ್ ಹಾಕಿದ ಮೇಲೆ ಡಿವೈಸ್ ಮ್ಯಾನೇಜರಿಗೆ ಆ ಫೋಲ್ಡರ್ ತೋರಿಸಿದರೆ ನಿಮ್ಮ ಹಳೆ ಡ್ರೈವರುಗಳನ್ನೇ ಅದು ಆರಿಸಿಕೊಳ್ಳುತ್ತದೆ.

ನಮ್ಮಂಥ ಟೈಪಿಂಗ್ ಅಂಗಡಿಯವರು ಫಾಂಟ್ಸ್ ಫೋಲ್ಡರನ್ನೂ ಮರೆಯಬೇಡಿ. ಅಳಿಸಿಹೋದ ಮೇಲೆ ನನಗೆ ಸಿಕ್ಕ ಮೊದಲ ಫೈಲನ್ನು ಇನ್ನೊಬ್ಬ ರಿಪೇರಿಯವರಿಗೆ ತೋರಿಸಿದೆ. ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಗೀಟು, ನಡುನಡುವೆ ಪೌಂಡಿನ ಚಿಹ್ನೆ. "ಕರಪ್ಟ್ ಆಗಿದೆ ಮೇಡಂ, ಡಿಲೀಟ್ ಮಾಡಿ" ಅಂದುಬಿಟ್ಟರು. ಕರಪ್ಟ್ ಅಲ್ಲ, ಮಣ್ಣಂಗಟ್ಟಿಯೂ ಅಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಆ ಫಾಂಟ್ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಕನ್ನಡವೆಲ್ಲ ಹಾಗೇ ಕಾಣುತ್ತದೆ. ನುಡಿ ಹಾಕಿದ ಕೂಡಲೇ ಆ ಗೀಟುಗಳು "ಸ್ವಯಾರ್ಜಿತ ಸ್ವತ್ತು" ಆದವು.

ಫೋಟೋರೆಕ್ ಅನ್ನುವ ಪುಕ್ಕಟೆ ತಂತ್ರಾಂಶದಲ್ಲಿ, ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ, ಸಿಕ್ಕಷ್ಟನ್ನು ತಮ್ಮ ಎತ್ತಿಕೊಟ್ಟ. ಹಳೆ ಕಾಲದ ಹಾರ್ಡ್‌ಡಿಸ್ಕ್ ಆದ್ದರಿಂದ ಅಷ್ಟಾದರೂ ಸಿಕ್ಕಿತು. ಈಗಿನ ಚಿಪ್ಪಿನ ಡಿಸ್ಕ್, ಅಂದರೆ ಎಸ್‌ಎಸ್‌ಡಿ ಆಗಿದ್ದರೆ ಅಳಿಸಿದ ಜಾಗವನ್ನು ಅದೇ ಒರೆಸಿ ಇಡುತ್ತಿತ್ತು. ಹೊಸ ವಿಂಡೋಸ್ ಪದೇ ಪದೇ ಬರೆದುಕೊಂಡ ಜಾಗದಲ್ಲಿದ್ದವು ಮಾತ್ರ ಹೋದವೇ.

ಸಿಕ್ಕವಕ್ಕೆ ಹೆಸರಿಲ್ಲ. ಒಂದೊಂದು ಫೋಲ್ಡರಿನಲ್ಲಿ 500 ಫೈಲು, ಎಲ್ಲದಕ್ಕೂ 'ಎಫ್' ಅಕ್ಷರ, ಮುಂದೆ ಅಂಕಿಗಳು. ಈಗ ಎಲ್ಲ ಕಡೆ ನಡೆಯುವ ಅಕ್ಷರ ಪದ್ಧತಿಯಾದ ಯೂನಿಕೋಡಿನಲ್ಲಿ "ಪಾಲುಪಟ್ಟಿ" ಅಂತ ಹುಡುಕಿದರೆ ಹಳೆ ನುಡಿಯ ಫೈಲು ಒಂದೂ ಬರುವುದಿಲ್ಲ. ಹಾಗಾಗಿ ದಿನಾ ಅಂಗಡಿ ತೆಗೆದ ಮೇಲೆ ಒಂದಿಪ್ಪತ್ತು ಫೈಲು ತೆಗೆದು ಓದಿ ಹೆಸರಿಡುತ್ತಿದ್ದೇನೆ. ಅಣ್ಣತಮ್ಮಂದಿರಿಬ್ಬರು ತೆಂಗಿನ ತೋಟದ ಪಾಲುಪಟ್ಟಿ ಕರಡಿಗೆ ವಾರಕ್ಕೊಮ್ಮೆ ಬಂದು ಕೇಳುತ್ತಾರೆ. ಇವತ್ತು ಬೆಳಿಗ್ಗೆ ಸಿಕ್ಕಿತು ಅಂತ ಖುಷಿಯಲ್ಲಿ ತೆಗೆದೆ. ಮೊದಲ ಪುಟ ಅವರದೇ, ಎರಡನೆಯ ಪುಟದಿಂದ ಯಾರದೋ ನಾಮಕರಣದ ಆಹ್ವಾನ.