ಓರ್ದೆಸಾ ಕಣಿವೆ: ಕಾರು ಬಿಟ್ಟು ಬನ್ನಿ, ಜಲಪಾತಗಳನ್ನು ಕೊನೆಗಿಟ್ಟುಕೊಳ್ಳಿ

ಸ್ಪೇನಿಗೆ ಹೋಗುವ ನಮ್ಮವರು ಮ್ಯಾಡ್ರಿಡ್, ಬಾರ್ಸಿಲೋನಾ ನೋಡಿಕೊಂಡು ವಾಪಸ್ ಬಂದುಬಿಡುತ್ತಾರೆ. ಇನ್ನೆರಡು ದಿನ ಉಳಿಸಿಕೊಳ್ಳಿ, ಉತ್ತರಕ್ಕೆ ಹೋಗಿ ಅಂತ ಈಗ ಕಂಡಕಂಡವರಿಗೆಲ್ಲ ಹೇಳುತ್ತಿದ್ದೇನೆ. ಫ್ರಾನ್ಸ್ ಗಡಿಗೆ ಅಂಟಿಕೊಂಡಂತೆ ಪಿರನೀಸ್ ಬೆಟ್ಟಸಾಲಿನಲ್ಲಿ ಓರ್ದೆಸಾ ಮತ್ತು ಮೊಂತೆ ಪೆರ್ದಿದೊ ರಾಷ್ಟ್ರೀಯ ಉದ್ಯಾನ ಇದೆ. ಹಿಮನದಿ ಕೊರೆದ ಕಣಿವೆ 'ಯು' ಅಕ್ಷರದ ಹಾಗಿರುತ್ತದೆ ಅಂತ ಎಷ್ಟೋ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದ ಭೂಗೋಳದ ಮೇಷ್ಟ್ರು ನಾನು. ಆ ಚಿತ್ರ ಇಷ್ಟು ದೊಡ್ಡದಾಗಿ, ಇಷ್ಟು ಸ್ಪಷ್ಟವಾಗಿ ಕಣ್ಣೆದುರು ನಿಂತಿದ್ದನ್ನು ಬೇರೆಲ್ಲೂ ಕಂಡಿಲ್ಲ. ಎರಡೂ ಕಡೆ ಸುಣ್ಣಕಲ್ಲಿನ ನೆಟ್ಟನೆ ಗೋಡೆ, ನಡುವೆ ದಟ್ಟ ಕಾಡು, ಕಾಡಿನೊಳಗೆ ಅರಾಸಾಸ್ ನದಿ.

ಮೊದಲು ವ್ಯವಸ್ಥೆಯ ಬಗ್ಗೆ. ಉಳಿದುಕೊಳ್ಳಬೇಕಾದ ಊರು ತೋರ್ಲಾ. ಕಲ್ಲಿನ ಮನೆಗಳ ಪುಟ್ಟ ಊರು. ಬೇಸಿಗೆಯಲ್ಲಿ ಅಲ್ಲಿಂದ ಮುಂದಕ್ಕೆ ಸ್ವಂತ ಕಾರು ಬಿಡುವುದಿಲ್ಲ. ಊರಿನ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ, ಬಸ್ ಹತ್ತಿ, ಪ್ರಾದೇರಾ ಅನ್ನುವ ಹುಲ್ಲುಗಾವಲಿನ ಹತ್ತಿರ ಇಳಿಯಬೇಕು. ಓರ್ದೆಸಾ ಕಣಿವೆಯಲ್ಲಿ ಒಂದು ಹೊತ್ತಿಗೆ 1,800 ಜನಕ್ಕಿಂತ ಜಾಸ್ತಿ ಇರಬಾರದು ಅಂತ ಮಿತಿ ಇದೆ. ಅದನ್ನು ಕಾಯುವುದೂ ಈ ಬಸ್ಸೇ. ಉದ್ಯಾನಕ್ಕೆ ಪ್ರವೇಶ ಶುಲ್ಕ ಇಲ್ಲ, ಬಸ್ ಟಿಕೆಟ್ ಮಾತ್ರ. ಇಳಿದ ತಕ್ಷಣ ಈ ವ್ಯವಸ್ಥೆಯ ಮಹತ್ವ ಗೊತ್ತಾಗುತ್ತದೆ. ಹಾರ್ನ್ ಇಲ್ಲ, ಹೊಗೆ ಇಲ್ಲ, ನೀರಿನ ಸದ್ದು ಮಾತ್ರ. ಒಂದು ಕಣಿವೆಯನ್ನು ಹೀಗೆ ನೋಡಿಕೊಳ್ಳಬೇಕು ಅನ್ನಿಸಿತು.

ಬಸ್ ಬೆಳಿಗ್ಗೆ ಬೇಗ ಶುರುವಾಗುತ್ತದೆ, ಬೇಗನೆ ಹೋಗಿ. ನಾವು ಇಳಿದುಕೊಂಡಿದ್ದ ವಸತಿಯಲ್ಲಿ ಎಂಟೂವರೆಗೆ ಮುಂಚೆ ತಿಂಡಿ ಕೊಡುವುದಿಲ್ಲ ಅಂದುಬಿಟ್ಟರು. ಕಟ್ಟಿಯಾದರೂ ಕೊಡಿ ಅಂದರೆ ಅದೂ ಇಲ್ಲ. ಬೆಟ್ಟ ಹತ್ತುವವರೇ ಬಂದು ಉಳಿಯುವ ಊರಿನಲ್ಲಿ ಇದು ಸರಿಯಲ್ಲ. ರೂಮ್ ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ಹಿಂದಿನ ಸಂಜೆಯೇ ಬ್ರೆಡ್ಡು, ಚೀಸು, ಹಣ್ಣು ತಂದಿಟ್ಟುಕೊಂಡರೆ ಇನ್ನೂ ನಿಶ್ಚಿಂತೆ.

ಈಗ ನಡಿಗೆ. ಹೆಚ್ಚಿನವರು ಪ್ರಾದೇರಾದಿಂದ ನದಿಯ ಜೊತೆಯಲ್ಲೇ ನಡೆದು, ಕೋಲಾ ದೆ ಕಬಾಯೊ ಜಲಪಾತ ನೋಡಿ, ಅದೇ ದಾರಿಯಲ್ಲಿ ವಾಪಸ್ ಬರುತ್ತಾರೆ. ಹೋಗಿ ಬರಲು ಸುಮಾರು 17 ಕಿಲೋಮೀಟರ್, ಆರೇಳು ಗಂಟೆ. ದಾರಿ ಅಗಲವಾಗಿದೆ, ಏರು ಹದವಾಗಿದೆ, ಮಕ್ಕಳೂ ನಡೆಯುತ್ತಾರೆ. ಮೊದಲ ಸಲ ಬರುವವರಿಗೆ, ಮಂಡಿ ನೋವಿರುವವರಿಗೆ ಇದೇ ಸಾಕು, ಯಾವ ಕೊರತೆಯೂ ಆಗುವುದಿಲ್ಲ.

ಆದರೆ ಕಾಲಲ್ಲಿ ಕಸುವಿದ್ದರೆ ಇನ್ನೊಂದು ದಾರಿ ಹಿಡಿಯಿರಿ. ಪ್ರಾದೇರಾದಲ್ಲೇ ಸೇತುವೆ ದಾಟಿ ಸೆಂದಾ ದೆ ಲೊಸ್ ಕಾಥಾದೋರೆಸ್, ಅಂದರೆ ಬೇಟೆಗಾರರ ಕಾಲುದಾರಿ, ಹತ್ತಬೇಕು. ಸುಮಾರು 600 ಮೀಟರ್ ಎತ್ತರ, ಒಂದೇ ಸಮನೆ ಅಂಕುಡೊಂಕು ಏರು. ಉಸಿರು ಕಟ್ಟುತ್ತದೆ, ಸುಳ್ಳು ಹೇಳುವುದಿಲ್ಲ. ಇದನ್ನು ಹತ್ತಲು ಮಾತ್ರ ಇಟ್ಟುಕೊಳ್ಳಿ, ಇಳಿಯುವುದಕ್ಕಲ್ಲ. ದಣಿದ ಕಾಲಿಗೆ ಆ ಇಳಿಜಾರು ಅಪಾಯ. ಚಳಿಗಾಲದಲ್ಲಂತೂ ಹಿಮ ಕುಸಿಯುವ ಜಾಗ, ಆ ಕಡೆ ಹೋಗಲೇಬೇಡಿ.

ಏರುವಾಗ ನೆರಳಿನ ಬಂಡೆಗಳನ್ನು ಸ್ವಲ್ಪ ನಿಂತು ನೋಡಿ. ಸುಣ್ಣಕಲ್ಲಿನ ಸೀಳಿನಲ್ಲಿ, ಮಣ್ಣೇ ಇಲ್ಲದ ಕಡೆ, ಗೋಡೆಗೆ ಅಂಟಿಸಿದಂತೆ ಸುಕ್ಕುಸುಕ್ಕಾದ ಎಲೆಗಳ ಒಂದು ಗಿಡ ಇರುತ್ತದೆ. ಎಲೆಯ ಅಂಚಿನಲ್ಲಿ ಕಂದು ರೋಮ. ನಡುವಿನಿಂದ ತೆಳ್ಳನೆ ದಂಟು ಎದ್ದು, ಅದರ ತುದಿಗೆ ನೇರಳೆ ಹೂವು, ಹೂವಿನ ಮಧ್ಯೆ ಹಳದಿ ಮೂತಿ. ಇದು ರಾಮೊಂಡಾ. ಕುಂಡದಲ್ಲಿ ಬೆಳೆಸುವ ಆಫ್ರಿಕನ್ ವಯಲೆಟ್ ಇದರ ನೆಂಟ. ಹಿಮಯುಗಕ್ಕೂ ಹಿಂದೆ, ಯುರೋಪ್ ಬೆಚ್ಚಗಿದ್ದ ಕಾಲದಿಂದ ಉಳಿದು ಬಂದ ಗಿಡ ಅಂತ ಸಸ್ಯ ತಜ್ಞರು ಹೇಳುತ್ತಾರೆ. 1802ರಲ್ಲಿ ಮೊಂತೆ ಪೆರ್ದಿದೊ ಶಿಖರ ತಲುಪಿದ ಫ್ರಾನ್ಸಿನ ಲೂಯಿ ರಾಮೊಂ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ಜುಲೈ ಮೊದಲ ವಾರದಲ್ಲೂ ನಮಗೆ ಹೂವು ಸಿಕ್ಕಿತು. ನನ್ನ ಮಗಳು ಅದರ ಮುಂದೆ ಕೂತವಳು ಏಳಲೇ ಇಲ್ಲ.

ಏರು ಮುಗಿದ ಕಡೆ ಕಲ್ಸಿಲರುವೇಗೊ ಎಂಬ ನೋಟದ ಕಟ್ಟೆ. ಎದುರಿಗೆ ತೊಸಾಲ್ ದೆಲ್ ಮಾಯೊ ಬಂಡೆ, ಕೆಳಗೆ ಇಡೀ ಕಣಿವೆ. ಅಲ್ಲಿಂದ ಮುಂದೆ ಫಾಹಾ ದೆ ಪೆಲಾಯ್ ಅನ್ನುವ ಹಾದಿ ಬೆಟ್ಟದ ಮಗ್ಗುಲಲ್ಲಿ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಗಂಟೆಗಟ್ಟಲೆ ಸಾಗುತ್ತದೆ. ದಿನದ ಸುಖವೆಲ್ಲ ಇಲ್ಲೇ ಇದೆ. ಜನ ಕಡಿಮೆ. ಎಲ್ಲಿಂದಲೋ ಮಾರ್ಮಟ್, ಅಂದರೆ ಬಿಲದಲ್ಲಿ ಇರುವ ದೊಡ್ಡ ಅಳಿಲಿನ ಜಾತಿಯ ಪ್ರಾಣಿ, ಸಿಳ್ಳೆ ಹಾಕುತ್ತದೆ. ತಲೆಯೆತ್ತಿ ನಡೆದರೆ ಎಲುಬು ತಿನ್ನುವ ಗಡ್ಡದ ರಣಹದ್ದು ಕಾಣಬಹುದು. ಅದಕ್ಕೆ ಪಿರನೀಸ್ ದೊಡ್ಡ ಆಸರೆ.

ಒಂದು ಪ್ರಾಣಿ ಮಾತ್ರ ಇನ್ನು ಕಾಣುವುದಿಲ್ಲ. ಬುಕಾರ್ದೊ ಅನ್ನುವ ಕಾಡುಮೇಕೆ. ಬೇಟೆಯಿಂದ ನಲುಗಿ ನಲುಗಿ ಕೊನೆಗೆ ಈ ಕಣಿವೆಯಲ್ಲಿ ಸೆಲಿಯಾ ಅನ್ನುವ ಒಂದೇ ಹೆಣ್ಣು ಉಳಿದಿತ್ತು. 2000ನೇ ಇಸವಿಯ ಜನವರಿಯಲ್ಲಿ ಅದು ಮರ ಬಿದ್ದು ಸತ್ತುಹೋಯಿತು. ಅದರ ಜೀವಕೋಶದಿಂದ 2003ರಲ್ಲಿ ತದ್ರೂಪಿ ಮರಿ ಹುಟ್ಟಿಸಿದರು. ಶ್ವಾಸಕೋಶದ ದೋಷದಿಂದ ಅದು ಕೆಲವೇ ನಿಮಿಷ ಬದುಕಿತು. ಓರ್ದೆಸಾವನ್ನು ರಾಷ್ಟ್ರೀಯ ಉದ್ಯಾನ ಮಾಡಿದ್ದು 1918ರಲ್ಲಿ. ಅಷ್ಟು ಮುಂಚೆ ಕಾಪಾಡಲು ಹೊರಟರೂ ಈ ಮೇಕೆ ಉಳಿಯಲಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ ಅಲ್ವಾ? ಬೇಟೆಗಾರರ ದಾರಿ ಹತ್ತಿ ಹೋಗುವವರೆಲ್ಲ ಈ ಕಥೆ ತಿಳಿದುಕೊಂಡು ಹೋಗಬೇಕು ಅಂತ ನನ್ನ ಆಸೆ.

ಹಾದಿ ನಿಧಾನಕ್ಕೆ ಇಳಿದು ಕೋಲಾ ದೆ ಕಬಾಯೊ ಹತ್ತಿರ ಸೇರುತ್ತದೆ. ಜಲಪಾತ ಚೆನ್ನಾಗಿದೆ, ಆದರೆ ಫೋಟೋಗೆ ನಿಂತವರ ಗುಂಪೂ ಇದೆ. ನನಗೆ ಅದಕ್ಕಿಂತ ಇಷ್ಟವಾಗಿದ್ದು ಸ್ವಲ್ಪ ಕೆಳಗಿನ ಗ್ರಾದಾಸ್ ದೆ ಸೋಆಸೊ. ನದಿ ಅಲ್ಲಿ ಒಂದೇ ಸಲ ಬೀಳುವುದಿಲ್ಲ, ದೇವಸ್ಥಾನದ ಕಲ್ಯಾಣಿಯ ಮೆಟ್ಟಿಲಿನಂತಹ ಬಂಡೆಗಳ ಮೇಲೆ ಒಂದೊಂದೇ ಹಂತ ಇಳಿಯುತ್ತದೆ. ಅಲ್ಲಿ ಕೂತು ಬುತ್ತಿ ಬಿಚ್ಚಿ. ನೀರಿಗಿಳಿಯುವಂತಿಲ್ಲ, ಈಜು ನಿಷೇಧ. ಆಮೇಲೆ ಬೀಚ್ ಅನ್ನುವ ಜಾತಿಯ ಮರಗಳ ತಂಪು ಕಾಡು, ಎಸ್ತ್ರೆಚೊ, ಆರಿಪಾಸ್ ಜಲಪಾತಗಳು, ಎಲ್ಲವೂ ಇಳಿಜಾರಿನಲ್ಲೇ ಸಿಗುತ್ತವೆ. ದಣಿದ ಮೇಲೆ ನೆರಳು, ನೀರು ಎರಡೂ ಸಿಗುವ ಹಾಗೆ ಸುತ್ತು ಹಾಕುವುದೇ ಜಾಣತನ. ಒಟ್ಟು ಎಂಟು ಗಂಟೆ ಬೇಕು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ. ಈ ಕಣಿವೆ ಇರುವ ಅರಗಾನ್ ಸೀಮೆ ಕುರಿಮಾಂಸಕ್ಕೆ ಹೆಸರಾದದ್ದು. ಮಿಗಾಸ್ ಅನ್ನುವ ಬ್ರೆಡ್ ಪುಡಿಯ ಒಗ್ಗರಣೆ ನೋಡಲು ಸಾದಾ, ಒಳಗೆ ಸಾಸೇಜ್ ಇರುತ್ತದೆ, ಕೇಳಿಯೇ ತಿನ್ನಿ. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆ ತೋರ್ತೀಯಾ, ಅಂದರೆ ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್, ಎಲ್ಲಾ ಕಡೆ ಸಿಗುತ್ತದೆ, ರುಚಿಯಾಗಿಯೂ ಇರುತ್ತದೆ.

ಶೌಚಾಲಯ ಪ್ರಾದೇರಾದಲ್ಲೇ ಮುಗಿಸಿಕೊಂಡು ಹೊರಡಿ. ಜುಲೈ ಆದರೂ ಜರ್ಕಿನ್ ಇರಲಿ, ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದು ಇಲ್ಲಿ ಮಾಮೂಲು. ವಾಪಸ್ ಬರುವ ಕೊನೆಯ ಬಸ್ಸಿನ ಹೊತ್ತನ್ನು ತೋರ್ಲಾದ ಟಿಕೆಟ್ ಕೌಂಟರಿನಲ್ಲೇ ಕೇಳಿ ಬರೆದುಕೊಳ್ಳಿ. ಇನ್ನೊಂದು ದಿನ ಇದ್ದರೆ ಇದೇ ಉದ್ಯಾನದ ಅನಿಸ್ಕ್ಲೊ ಕಮರಿಗೆ ಹೋಗಿ. ಅಲ್ಲಿನ ರಸ್ತೆ ಬೇಸಿಗೆಯಲ್ಲಿ ಏಕಮುಖ, ಎಸ್ಕಲೋನಾ ಕಡೆಯಿಂದಲೇ ಒಳಗೆ ಹೋಗಬೇಕು.