ಬಿದ್ರಿ ಅಂಗಡಿಯಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್: ಐದು ವರ್ಷ ಬಳಸಿದ ಮೇಲೆ

ಬೀದರಿನ ಚೌಬಾರದ ಹತ್ತಿರ ಒಂದು ಬಿದ್ರಿ ಅಂಗಡಿಯಲ್ಲಿ, ಅಂದರೆ ಕಪ್ಪು ಲೋಹಕ್ಕೆ ಬೆಳ್ಳಿ ಕುಸುರಿ ಕೂರಿಸಿದ ವಸ್ತುಗಳ ಅಂಗಡಿಯಲ್ಲಿ, ನಾನು ಲೆಕ್ಕ ಮತ್ತು ಆರ್ಡರ್ ನೋಡಿಕೊಳ್ಳುತ್ತೇನೆ. ವ್ಯಾಪಾರಿಗಳಿಗೆಂದೇ ಇರುವ ವಾಟ್ಸ್‌ಆ್ಯಪ್ ಬಿಸಿನೆಸ್ ಭಾರತಕ್ಕೆ ಬಂದದ್ದು 2018ರಲ್ಲಿ. ನಮ್ಮ ಅಂಗಡಿಗೆ ಬಂದದ್ದು 2020ರ ಲಾಕ್‌ಡೌನ್ ಹೊತ್ತಿಗೆ. ಕೋಟೆ ನೋಡಲು ಬರುವವರೇ ನಮಗೆ ಜಾಸ್ತಿ ಗಿರಾಕಿಗಳು. ಕೋಟೆ ಮುಚ್ಚಿತು, ನಮ್ಮ ವ್ಯಾಪಾರವೂ ನಿಂತಿತು. ಹಳೆ ಬಿಲ್ ಪುಸ್ತಕ ತೆಗೆದು, ಅದರಲ್ಲಿದ್ದ ನಂಬರ್‌ಗಳಿಗೆ ಒಂದೊಂದಾಗಿ ಫೋಟೊ ಕಳಿಸಲು ಕೂತೆ. ಮೊದಲು ಮಾರಿ ಹೋದದ್ದು ಒಂದು ಜೊತೆ ಕಿವಿಯೋಲೆ.

ಬಿದ್ರಿಯ ಫೋಟೊ ತೆಗೆಯುವುದು ಸುಲಭವಲ್ಲ. ಕಪ್ಪು ಮೈ, ಅದರ ಮೇಲೆ ಬೆಳ್ಳಿ. ಫ್ಲಾಶ್ ಹಾಕಿದರೆ ಕುಸುರಿ ಹೋಗಿ ಬರೀ ಬಿಳಿ ಮಚ್ಚೆ ಉಳಿಯುತ್ತದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಕಿಟಕಿ ಪಕ್ಕ ಬಿಳಿ ಪಂಚೆ ಹಾಸಿ ತೆಗೆದರೆ ಸರಿ ಬರುತ್ತದೆ. ಇದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ತೂಕ ಮಾತ್ರ ಯಾವ ಫೋಟೊದಲ್ಲೂ ಬರಲ್ಲ. ಅಂಗಡಿಗೆ ಬಂದವರು ಮೊದಲು ಕೈಯಲ್ಲಿ ಎತ್ತಿ ನೋಡುತ್ತಾರೆ, ಅಲ್ವಾ? ಹಾಗಾಗಿ ಕ್ಯಾಟಲಾಗ್‌ನಲ್ಲಿ ಪ್ರತಿ ವಸ್ತುವಿನ ಕೆಳಗೆ ಎಷ್ಟು ಗ್ರಾಂ ಅಂತ ಬರೆಯುತ್ತೇನೆ. ಪಕ್ಕದಲ್ಲಿ ಪೆನ್ ಇಟ್ಟು ಇನ್ನೊಂದು ಫೋಟೊ ಹಾಕುತ್ತೇನೆ.

ವಾರಕ್ಕೊಮ್ಮೆಯಾದರೂ ಯಾರೋ ಒಬ್ಬರು ಬೇರೆ ಕಡೆಯ ಅಗ್ಗದ ಡಬ್ಬಿಯ ಸ್ಕ್ರೀನ್‌ಶಾಟ್ ಕಳಿಸಿ, "ನಿಮ್ಮದು ಯಾಕೆ ಇಷ್ಟು ಜಾಸ್ತಿ?" ಅಂತ ಕೇಳುತ್ತಾರೆ. ಮೊದಲೆಲ್ಲ ಉದ್ದುದ್ದ ಬರೆಯುತ್ತಿದ್ದೆ. ಸತು ಮತ್ತು ತಾಮ್ರ ಸೇರಿಸಿ ಎರಕ ಹೊಯ್ಯುವುದು, ಉಳಿಯಲ್ಲಿ ಕೊರೆಯುವುದು, ಬೆಳ್ಳಿ ತಂತಿ ಕೂರಿಸುವುದು, ಎಲ್ಲ. 2006ರಲ್ಲಿ ಬಿದ್ರಿಗೆ ಜಿಐ ಟ್ಯಾಗ್ (ಒಂದು ಊರಿನದೇ ವಸ್ತು ಎಂಬ ಸರ್ಕಾರಿ ಗುರುತು) ಸಿಕ್ಕಿದ್ದನ್ನೂ ಸೇರಿಸುತ್ತಿದ್ದೆ. ಈಗ ಒಂದು ವಿಡಿಯೊ ಕಳಿಸುತ್ತೇನೆ. ಬಿಸಿ ಮಾಡಿದ ಹೂದಾನಿಗೆ ಕೋಟೆಯ ಮಣ್ಣು, ನವಸಾಗರ ಎಂಬ ಉಪ್ಪು ಕಲಸಿ ಉಜ್ಜುತ್ತಾರೆ. ಬೂದು ಲೋಹ ಕಣ್ಣೆದುರೇ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಅದನ್ನು ನೋಡಿದವರು ಬೆಲೆಯ ಬಗ್ಗೆ ಮತ್ತೆ ಕೇಳುವುದು ಕಡಿಮೆ.

2022ರಲ್ಲಿ ಒಂದು ಕೊರಿಯರ್‌ನವರ ಕೈಯಲ್ಲಿ ಹೂದಾನಿಯ ಕತ್ತು ಮುರಿಯಿತು. ಸತು ಜಾಸ್ತಿ ಇರುವ ಲೋಹ, ಬಿದ್ದರೆ ಬಿರಿಯುತ್ತದೆ. ಪ್ಯಾಕ್ ಮಾಡುವ ಮೊದಲು ಗಿರಾಕಿಗೆ ಕಳಿಸಿದ್ದ ಫೋಟೊ ಚಾಟ್‌ನಲ್ಲಿ ತಾರೀಖಿನ ಸಮೇತ ಇತ್ತು. ಅದರಿಂದಲೇ ದುಡ್ಡು ವಾಪಸ್ ಬಂತು. ಈಗ ಪ್ಯಾಕಿಂಗ್ ಫೋಟೊ ಇಲ್ಲದೆ ಒಂದು ಡಬ್ಬಿಯನ್ನೂ ಕಳಿಸುವುದಿಲ್ಲ.

ಬ್ರಾಡ್‌ಕಾಸ್ಟ್ (ಒಂದೇ ಮೆಸೇಜನ್ನು ಒಟ್ಟಿಗೆ ಹಲವರಿಗೆ ಕಳಿಸುವುದು) ಬಳಸುವವರಿಗೆ ಒಂದು ಮಾತು. ಒಂದು ಪಟ್ಟಿಯಲ್ಲಿ 256 ಜನ ಮಾತ್ರ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಮೆಸೇಜ್ ಹೋಗುತ್ತದೆ. ಬಿಲ್ ಕೊಡುವಾಗಲೇ ಸೇವ್ ಮಾಡಿಸಿಬಿಡಿ.

ಇನ್ನು ನಮ್ಮೊಳಗಿನ ಮಾತುಕತೆ. ಎರಕದ ಕೆಲಸ ಒಂದು ಮನೆಯಲ್ಲಿ, ಕೊರೆಯುವುದು ಇನ್ನೊಂದು ಓಣಿಯಲ್ಲಿ, ಕಪ್ಪು ಮಾಡುವುದು ಮಾಲೀಕರ ಮನೆಯ ಹಿಂದೆ. ಮೊದಲು ಫೋನ್ ಮಾಡಿದರೆ ಸುತ್ತಿಗೆ ಸದ್ದಿನಲ್ಲಿ ಅರ್ಧ ಕೇಳುತ್ತಿರಲಿಲ್ಲ. ಒಮ್ಮೆ ಬೀಳ್ಕೊಡುಗೆಯ ತಟ್ಟೆಯ ಮೇಲೆ ಹೆಸರಿನ ಒಂದು ಅಕ್ಷರ ತಪ್ಪಿ ಕೊರೆದಾಗಿತ್ತು. ಕೊರೆದದ್ದನ್ನು ಅಳಿಸಲಾಗದು. ಆ ತಟ್ಟೆ ಇನ್ನೂ ನಮ್ಮ ಕಪಾಟಿನಲ್ಲಿದೆ. ಈಗ ಹೆಸರನ್ನು ಗಿರಾಕಿಯ ಕೈಯಲ್ಲೇ ಬರೆಸಿ, ಅದರ ಫೋಟೊವನ್ನು ನಮ್ಮ ಕೆಲಸಗಾರರ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುತ್ತೇವೆ.

ನಮ್ಮ ಹಿರಿಯ ಕುಶಲಕರ್ಮಿ ಚಾಚಾಗೆ ಕನ್ನಡ ಓದಲು ಬರಲ್ಲ, ದಖನಿ ಉರ್ದುವಿನಲ್ಲಿ ಮಾತಾಡುತ್ತಾರೆ. ಅವರಿಗೆ ಧ್ವನಿ ಮೆಸೇಜೇ ಪತ್ರ. "ಬೇಟಿ, ಈ ಬಳ್ಳಿ ಇಷ್ಟು ಸಣ್ಣ ಡಬ್ಬಿಗೆ ಕೂರಲ್ಲ. ಎರಡು ಎಲೆ ಕಡಿಮೆ ಮಾಡಲಾ, ಕೇಳು" ಅಂತ ಕಳಿಸುತ್ತಾರೆ. ನಾನು ಅದನ್ನು ಕನ್ನಡದಲ್ಲಿ ಗಿರಾಕಿಗೆ ಹೇಳುತ್ತೇನೆ. ಗಿರಾಕಿ ಫೋಟೊ ಮೇಲೆ ಬೆರಳಲ್ಲಿ ಗೆರೆ ಎಳೆದು ವಾಪಸ್ ಕಳಿಸುತ್ತಾರೆ. ಮೊದಲು ಇಷ್ಟಕ್ಕೆ ಎರಡು ದಿನ ಬೇಕಿತ್ತು. ಈಗ ಚಾಚಾ ಮಧ್ಯಾಹ್ನದ ಊಟ ಮುಗಿಸುವಷ್ಟರಲ್ಲಿ ಉತ್ತರ ಬಂದಿರುತ್ತದೆ.

ಆದರೆ ರಾತ್ರಿ ಹನ್ನೊಂದಕ್ಕೂ "ರೆಡಿ ಆಯ್ತಾ?" ಅಂತ ಬರತೊಡಗಿತು. ನೀಲಿ ಟಿಕ್ ಬಿದ್ದ ಮೇಲೆ ಸುಮ್ನೆ ಇರಲು ಮನಸ್ಸು ಬರುತ್ತಿರಲಿಲ್ಲ. ರಾತ್ರಿ 8ರ ಮೇಲೆ ತಾನಾಗಿ ಹೋಗುವ 'ಅವೇ' (away) ಮೆಸೇಜ್ ಹಾಕಿದೆ: "ನಾಳೆ ಬೆಳಿಗ್ಗೆ ಹೇಳುತ್ತೇವೆ." ಒಬ್ಬರೂ ಬೇಸರ ಮಾಡಿಕೊಳ್ಳಲಿಲ್ಲ.

ಇನ್ನೊಂದು ನಷ್ಟ ತಡವಾಗಿ ತಿಳಿಯಿತು. ಮೊದಲು ಒಂದು ಮಾತು ಹೇಳಲು ಚಾಚಾ ಮನೆಗೆ ನಡೆದು ಹೋಗುತ್ತಿದ್ದೆ. ಚಹಾ ಕುಡಿಯುತ್ತಾ ಅವರ ಕೆಲಸ ನೋಡುತ್ತಿದ್ದೆ. ಗ್ರೂಪ್ ಆದ ಮೇಲೆ ಮೂರು ತಿಂಗಳು ಆ ಕಡೆ ಹೋಗಿರಲೇ ಇಲ್ಲ. ಅವರ ಕಣ್ಣು ಮಂಜಾಗುತ್ತಿದೆ ಅಂತ ಗೊತ್ತಾಗಿದ್ದು ನಾನು ಮತ್ತೆ ಅಲ್ಲಿಗೆ ಹೋದ ಮೇಲೆಯೇ. ಧ್ವನಿಯಲ್ಲಿ ಅವರು ಅದನ್ನು ಹೇಳಿರಲಿಲ್ಲ. ಈಗ ಪ್ರತಿ ಶನಿವಾರ ಹೋಗುತ್ತೇನೆ. ಆ ವಾರದ ಮಾಲನ್ನೂ ಅಲ್ಲೇ ಕೂತು ನೋಡಿ ತರುತ್ತೇನೆ. ತಂತಿ ಎಲ್ಲಾದರೂ ಎದ್ದಿದೆಯಾ ಅಂತ ಫೋಟೊದಲ್ಲಿ ಕಾಣಲ್ಲ, ಬೆರಳು ಸವರಿಯೇ ನೋಡಬೇಕು.